ಏಳು ವರ್ಷ ಮರೆತ ರಿಂಗು

ಖಗಿಸರಾ ಮತ್ತೆ ಹೊರಗಾದಳು. ಶ್ರಾವಣದಿಂದ ಈಚೆಗೆ ಇದು ನಾಲ್ಕನೇ ಸಲ.

ಅವಳಿಗೀಗ ಐವತ್ತೇಳು. ಮುಟ್ಟು ನಿಂತು ಒಂಬತ್ತು ವರ್ಷ ಆಗಿತ್ತು. ಮನೆಯಲ್ಲಿ ನೋಡಿದರೆ ಕಿರಿಮಗಳು ಕೋಪಿಲಾಳ ಮದುವೆ, ಇನ್ನು ಹದಿನೇಳೇ ದಿನ. ಅಂಗಳದ ತುಂಬ ಊರಿನ ಹೆಂಗಸರು ಕೂತು ಮದುವೆಯೂಟಕ್ಕೆ ಸಾಲ್ ಮರದ ಎಲೆಯ ತಟ್ಟೆ ಹಚ್ಚುತ್ತಿದ್ದಾರೆ. ಹಾಡೇನು, ನಗುವೇನು! ಮದುವಣಗಿತ್ತಿಯ ತಾಯಿ ಮಾತ್ರ ಎಮ್ಮೆಕೊಟ್ಟಿಗೆಯ ಪಕ್ಕ ಗೋಣಿಚೀಲ ಹಾಸಿಕೊಂಡು ಬಿಸಿಲಿಗೆ ಕೂತಿದ್ದಾಳೆ. ಎಲೆ ಮುಟ್ಟುವ ಹಾಗಿಲ್ಲ, ಬಿದಿರುಕಡ್ಡಿ ಮುಟ್ಟುವ ಹಾಗಿಲ್ಲ, ಒಲೆಯ ಕಡೆ ತಲೆ ಹಾಕುವ ಹಾಗಿಲ್ಲ. ಅವಳಿಗೆ ನಾಚಿಕೆಯಿಂದ ಸತ್ತುಹೋಗುವಷ್ಟಾಗಿತ್ತು.

"ಏನೇ ಕಾಂಛಿ," ಎಂದು ಕೂಗಿದಳು ತುಲಸಾ. ಅವಳು ಖಗಿಸರಾಳ ಗಂಡನ ಅಣ್ಣನ ಹೆಂಡತಿ, ಹಿರಿ ಓರಗಿತ್ತಿ. ಮದುವೆಯಾಗಿ ಬಂದ ದಿನದಿಂದ ಖಗಿಸರಾಳನ್ನು ಕಾಂಛಿ, ಅಂದರೆ ಚಿಕ್ಕವಳೇ, ಎಂದೇ ಕರೆಯುವುದು. "ಮಗಳ ಮದುವೆ ಹೊತ್ತಿಗೆ ನೀನೂ ಹರೆಯಕ್ಕೆ ಬಂದ್ಯಾ? ಹುಷಾರು ಕಣೇ, ಮಗಳಿಗಿಂತ ಮುಂಚೆ ನೀನೇ ತೊಟ್ಟಿಲು ಕಟ್ಟೀಯ!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಖಗಿಸರಾಳೂ ನಕ್ಕ ಹಾಗೆ ಮಾಡಿದಳು. ತುಲಸಾ ಅಷ್ಟಕ್ಕೇ ಬಿಡಲಿಲ್ಲ.

"ಮದುವೆ ದಿನವೂ ಹೀಗೇ ಆದ್ರೆ ಚಿಂತೆ ಮಾಡ್ಬೇಡ. ಧಾರೆಗೆ ನಾನು ನಿಂತ್ಕೋತೀನಿ. ದೊಡ್ಡಮ್ಮ ಅಂದ್ರೆ ತಾಯಿ ಇದ್ದ ಹಾಗೇ ಅಲ್ವಾ?"

ಈ ಮಾತು ಮಾತ್ರ ಖಗಿಸರಾಳ ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಯಿತು. ಹೆತ್ತವಳು ತಾನು, ಹೊತ್ತು ಸಾಕಿದವಳು ತಾನು. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟಾಗ ಗಿಂಡಿಯಿಂದ ನೀರು ಬಿಡಬೇಕಾದವಳು ತಾನು. ಆ ಹೊತ್ತಿಗೆ ತಾನು ಕೊಟ್ಟಿಗೆಯ ಪಕ್ಕ ಕೂತಿರಬೇಕೇ?

ಅವಳ ಮನಸ್ಸಿನಲ್ಲಿ ಇನ್ನೊಂದು ಹೆದರಿಕೆಯೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಮುಟ್ಟು ನಿಂತ ಮೇಲೆ ಅವಳು ಋಷಿಪಂಚಮಿ ವ್ರತದ ಉದ್ಯಾಪನೆ ಮಾಡಿ ಮುಗಿಸಿದ್ದಳು. ಹೋಮ ಮಾಡಿಸಿ, ಬ್ರಾಹ್ಮಣರಿಗೆ ಊಟ ಹಾಕಿ, ಇನ್ನು ಈ ಮೈಲಿಗೆಯ ಸಹವಾಸ ಸಾಕು ಎಂದು ಕೈಮುಗಿದಿದ್ದಳು. ಈಗ ಅದೇ ಮರಳಿ ಬಂತು ಅಂದರೆ ವ್ರತದಲ್ಲೇ ಏನೋ ಲೋಪ ಆಗಿದೆ, ದೇವರು ಮುನಿದಿದ್ದಾನೆ ಎಂದು ಅವಳ ಲೆಕ್ಕಾಚಾರ. ಅದಕ್ಕೇ ಕಲೆ ಕಂಡಾಗಲೆಲ್ಲ ತಪ್ಪದೆ ನಾಲ್ಕು ದಿನ ಹೊರಗೆ ಕೂತು, ತಣ್ಣೀರು ಮಿಂದು, ಒಳಗೆ ಬರುತ್ತಿದ್ದಳು. ಸ್ವಲ್ಪ ದಿನವಾಗುವಷ್ಟರಲ್ಲಿ ಮತ್ತೆ ಕಲೆ.

ಎಡವಟ್ಟಾದದ್ದು ಇಲ್ಲೇ. ಮೈ ಏನೋ ಹೇಳುತ್ತಿತ್ತು, ಖಗಿಸರಾ ಅದನ್ನು ದೇವರ ಲೆಕ್ಕಕ್ಕೆ ಹಾಕಿ ಕೂತಿದ್ದಳು.

ಎಲೆ ಹಚ್ಚುವ ಗುಂಪಿನಲ್ಲಿ ಹೋಮಕಲಾ ಕೂಡ ಇದ್ದಳು. ಊರಿನ ಆರೋಗ್ಯ ಸ್ವಯಂಸೇವಕಿ. ತಿಳಿನೀಲಿ ಸೀರೆ, ಹೆಗಲಲ್ಲೊಂದು ಚೀಲ, ಬಾಯಿ ಸ್ವಲ್ಪ ಜೋರು. ಇಪ್ಪತ್ತೆರಡು ವರ್ಷದಿಂದ ಈ ಬೆಟ್ಟದ ಒಂದು ಮನೆಯನ್ನೂ ಬಿಡದೆ ಹತ್ತಿ ಇಳಿದವಳು. ಎಲ್ಲರೂ ನಗುವಾಗ ಅವಳೊಬ್ಬಳು ನಗಲಿಲ್ಲ. ಕೈಯಲ್ಲಿದ್ದ ಎಲೆ ಕೆಳಗಿಟ್ಟು ಎದ್ದು ಬಂದು ಖಗಿಸರಾಳ ಪಕ್ಕ ಗೋಣಿಚೀಲದ ಮೇಲೇ ಕೂತುಬಿಟ್ಟಳು.

"ಅಯ್ಯೋ, ಮುಟ್ಬೇಡ ಬಹಿನಿ, ಮೈಲಿಗೆ!" ಎಂದು ಖಗಿಸರಾ ಸರಿದಳು. ತನಗಿಂತ ಚಿಕ್ಕವಳಾದ ಹೋಮಕಲಾಳನ್ನು ಅವಳು ತಂಗಿ ಎಂಬ ಅರ್ಥದಲ್ಲಿ ಹಾಗೆ ಕರೆಯುವುದು, ಹೋಮಕಲಾ ಅವಳನ್ನು ದಿದಿ, ಅಂದರೆ ಅಕ್ಕ, ಎನ್ನುವುದು.

"ಮೈಲಿಗೆ ಆಮೇಲೆ ತೊಳೆಯೋಣ ದಿದಿ. ಮೊದ್ಲು ಹೇಳಿ, ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಒಂಬತ್ತು ವರ್ಷ ನಿಂತಿದ್ದು ಈಗ ನೆಂಟರ ಥರ ಹೇಳದೆ ಕೇಳದೆ ಬಂತಾ? ಎಲ್ಲಾದ್ರೂ ಉಂಟಾ? ಎಷ್ಟು ದಿನಕ್ಕೊಂದ್ಸಲ ಬರತ್ತೆ?"

"ಲೆಕ್ಕ ಇಲ್ಲ. ಹುಲ್ಲು ಹೊತ್ತು ಬೆಟ್ಟ ಹತ್ತಿದ ದಿನ ಜಾಸ್ತಿ."

"ವಾಸನೆ?"

ಖಗಿಸರಾ ತಲೆ ತಗ್ಗಿಸಿದಳು. ಎರಡು ತಿಂಗಳಿಂದ ಹಳದಿ ನೀರು ಹೋಗುತ್ತಿತ್ತು. ಆ ವಾಸನೆ ಯಾರ ಮೂಗಿಗಾದರೂ ಬಡಿದರೆ ಎಂದು ಅವಳು ದಿನಕ್ಕೆ ಮೂರು ಸಲ ಮೀಯುತ್ತಿದ್ದಳು, ನಲ್ಲಿಯ ಹತ್ತಿರ ಎಲ್ಲರೂ ಹೋದ ಮೇಲೆ ಹೋಗುತ್ತಿದ್ದಳು, ಗಂಡನಿಂದ ದೂರ ಮಲಗುತ್ತಿದ್ದಳು.

"ದಿದಿ," ಹೋಮಕಲಾ ದನಿ ತಗ್ಗಿಸಿದಳು, "ರಿಂಗು ಕೊನೇ ಸಲ ತೆಗೆಸಿ ತೊಳೆಸಿದ್ದು ಯಾವಾಗ?"

"ಯಾವ ರಿಂಗು?"

ಕೇಳಿದ ಮೇಲೆ ಖಗಿಸರಾಳಿಗೇ ನೆನಪಾಯಿತು.

ಕೋಪಿಲಾ ಹುಟ್ಟಿ ಹನ್ನೆರಡನೇ ದಿನಕ್ಕೇ ಖಗಿಸರಾ ಗೊಬ್ಬರದ ಬುಟ್ಟಿ ಬೆನ್ನಿಗೇರಿಸಿ ಹೊಲಕ್ಕೆ ನಡೆದಿದ್ದಳು. ಆಗಿನಿಂದ ಗರ್ಭಕೋಶ ಜಾರಲು ಶುರು. ಕೂತರೆ ಎದ್ದರೆ ಕೆಳಗೆ ಏನೋ ಬಂದು ನಿಲ್ಲುವುದು. ಹದಿನೇಳು ವರ್ಷ ಅದನ್ನು ಹಾಗೇ ಸಹಿಸಿದಳು. ಏಳು ವರ್ಷದ ಹಿಂದೆ ಪಟ್ಟಣದ ಡಾಕ್ಟರುಗಳು ಬಂದು ಊರ ಶಾಲೆಯಲ್ಲಿ ಶಿಬಿರ ಮಾಡಿದಾಗ, ಗರ್ಭಕೋಶ ಮೇಲೆ ನಿಲ್ಲುವ ಹಾಗೆ ಒಳಗೊಂದು ಬಳೆಯಂಥ ರಿಂಗು ಕೂರಿಸಿದರು. ಅಬ್ಬ, ಮರುದಿನದಿಂದಲೇ ಅವಳಿಗೆ ಮರುಜನ್ಮ ಬಂದ ಹಾಗಾಗಿತ್ತು! ಮೂರು ತಿಂಗಳಿಗೊಮ್ಮೆ ಊರಿನ ಚಿಕ್ಕ ಆಸ್ಪತ್ರೆಗೆ, ಅಂದರೆ ಆರೋಗ್ಯ ಚೌಕಿಗೆ, ಹೋಗಿ ತೋರಿಸಿ ಎಂದಿದ್ದರು. ಒಂದು ಸಲ ಹೋದಳು. ಇನ್ನೊಂದು ಸಲ ಹೋದಾಗ ನರ್ಸು ರಜೆಯಲ್ಲಿದ್ದರು. ಆಮೇಲೆ ನಾಟಿ ಬಂತು, ರಾಗಿ ಕೊಯ್ಲು ಬಂತು, ಮಾವನ ತಿಥಿ ಬಂತು. ರಿಂಗು ಒಳಗೆ ಸದ್ದಿಲ್ಲದೆ ಕೂತಿತ್ತು. ಸದ್ದಿಲ್ಲದೆ ಕೂತದ್ದನ್ನು ಯಾರು ನೆನೆಸಿಕೊಳ್ಳುತ್ತಾರೆ?

"ನಿಂಗೆ ಹೇಗೆ ಗೊತ್ತು?" ಎಂದಳು ಖಗಿಸರಾ.

"ಆವತ್ತು ಶಾಲೇಲಿ ಹೆಸರು ಬರೆದೋಳು ನಾನೇ. ಆಮೇಲೆ ಬೆನ್ನು ಬಿದ್ದು ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಅದು ನನ್ನ ತಪ್ಪು ದಿದಿ, ಒಪ್ಕೋತೀನಿ. ರಿಂಗು ಒಳ್ಳೇದೇ. ಆದ್ರೆ ಹಾಕಿ ಮರೆಯೋ ವಸ್ತು ಅಲ್ಲ ಅದು. ವಯಸ್ಸಾದ ಮೇಲೆ ಒಳಗಿನ ಚರ್ಮ ತೆಳ್ಳಗಾಗತ್ತೆ. ರಿಂಗು ಅಲ್ಲೇ ಉಜ್ಜಿ ಉಜ್ಜಿ ಹುಣ್ಣಾಗತ್ತೆ. ಹುಣ್ಣು ಕೀವಾಗತ್ತೆ, ರಕ್ತ ಬರತ್ತೆ. ಇನ್ನೂ ಬಿಟ್ರೆ ಮಾಂಸದೊಳಗೇ ಹೂತುಕೊಂಡು ಬಿಡತ್ತೆ. ಮೂತ್ರದ ಚೀಲಕ್ಕೋ ಮಲದ ದಾರಿಗೋ ತೂತು ಬೀಳೋದೂ ಉಂಟು."

"ಹಾಗಾದ್ರೆ ಇದು ಮುಟ್ಟಲ್ವಾ?"

"ಖಂಡಿತ ಅಲ್ಲ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ಕಂಡ್ರೂ ಡಾಕ್ಟರಿಗೆ ತೋರಿಸ್ಬೇಕು. ನೀವು ಹೊರಗೆ ಕೂತ್ರೆ ಹುಣ್ಣು ವಾಸಿ ಆಗತ್ತಾ?"

ಖಗಿಸರಾಳಿಗೆ ಅರ್ಧ ಸಮಾಧಾನ, ಅರ್ಧ ಭಯ. "ಮದುವೆ ಮುಗೀಲಿ ಬಹಿನಿ. ಈಗ ರಿಂಗು ತೆಗೆದ್ರೆ ಎಲ್ಲಾ ಕೆಳಗೆ ಬಂದು ಬಿಡತ್ತೆ. ಮಂಟಪದಲ್ಲಿ ಹೇಗೆ ನಿಲ್ಲಲಿ? ನಾನೇ ಬೇಕಾದ್ರೆ ಮನೇಲಿ ಎಳೆದು ತೆಗೆದು, ತೊಳೆದು..."

"ಹುಚ್ಚು ಹಿಡೀತಾ ನಿಮ್ಗೆ? ಏಳು ವರ್ಷ ಅಂಟಿಕೊಂಡಿದ್ದನ್ನ ಎಳೆದ್ರೆ ಮಾಂಸ ಕಿತ್ತು ಬರತ್ತೆ! ಹದಿನೇಳು ದಿನ ಇದೆ ಇನ್ನೂ. ಕೀವು ಮೈಗೇರಿ ಜ್ವರ ಬಂದ್ರೆ ಮಂಟಪ ಅಲ್ಲ, ಆಸ್ಪತ್ರೆ ಮಂಚ. ನಾಳೆ ಹೊರಡ್ತೀರೋ, ಈಗ್ಲೇ ನಿಮ್ಮ ಯಜಮಾನ್ರಿಗೆ ಹೇಳ್ಲೋ?"

ಯಜಮಾನರಿಗೆ ಹೇಳುವುದು! ಅದೇ ದೊಡ್ಡ ಬೆಟ್ಟವಾಗಿತ್ತು ಖಗಿಸರಾಳಿಗೆ. ಆದರೂ ಮರುದಿನ ಬೆಳಿಗ್ಗೆ ಗಂಡ ಲೀಲಾನಾಥ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ದೂರ ನಿಂತು, ಕಂಬದ ಕಡೆ ಮುಖ ಮಾಡಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿದಳು. ಅವಳ ಕಿವಿ ಬಿಸಿಯಾಗಿ ಹೋಗಿತ್ತು.

ಲೀಲಾನಾಥ ಊರಿಗೆ ಪಂಡಿತ, ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟಿನ ಮನುಷ್ಯ. ಲೋಟ ಕೆಳಗಿಟ್ಟ.

"ಏಳು ವರ್ಷಾನಾ?"

"ಹೂಂ."

"ನಾನು ಏನೋ ಅಂದ್ಕೊಂಡಿದ್ದೆ. ದೂರ ದೂರ ಮಲಗ್ತೀಯಲ್ಲ, ನನ್ನ ಮೇಲೇ ಬೇಜಾರೋ ಏನೋ ಅಂತ."

ಖಗಿಸರಾಳಿಗೆ ದುಃಖ ಉಕ್ಕಿ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲೀಲಾನಾಥ ಎದ್ದು ಟೋಪಿ ಹಾಕಿಕೊಂಡ. ಹೆಂಡತಿಯನ್ನು ಅವನು ಕರೆಯುವುದು ಮಗಳ ಆಮಾ, ಅಂದರೆ ಅಮ್ಮ, ಎಂದೇ. "ಅಳೋದು ಸಾಕು, ಕೋಪಿಲಾನ ಆಮಾ. ಹೋಮಕಲಾನ್ನ ಕೂಗು. ನಾನೂ ಬರ್ತೀನಿ."

ಆರೋಗ್ಯ ಚೌಕಿಯ ನರ್ಸು ಪರದೆ ಎಳೆದು ನಿಧಾನವಾಗಿ ನೋಡಿದರು. ರಿಂಗಿನ ಒಂದು ಬದಿ ಮಾಂಸಕ್ಕೆ ಅಂಟಿಕೊಂಡಿತ್ತು. ಅವರು ಎಳೆಯಲಿಲ್ಲ. "ಆಮಾ, ಇದನ್ನ ಇಲ್ಲಿ ತೆಗೆಯೋದು ಬೇಡ. ಚೀಟಿ ಬರೆದು ಕೊಡ್ತೀನಿ, ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೆದರಬೇಡಿ, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ," ಎಂದರು.

ಮಾರನೇ ದಿನ ಜೀಪು ಹತ್ತಿ ಮೂವರೂ ಜಿಲ್ಲಾ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ಹೆಂಗಸೇ. ನೋವಾಗದ ಹಾಗೆ ಮರಗಟ್ಟಿಸಿ, ಅಂಟಿದ್ದನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ರಿಂಗು ಹೊರಗೆ ತೆಗೆದರು. ಹಾಕುವಾಗ ಹಾಲಿನಷ್ಟು ಬೆಳ್ಳಗಿದ್ದದ್ದು ಈಗ ಕಂದಾಗಿ, ಮೇಲೆಲ್ಲ ಸುಣ್ಣದ ಹಾಗೆ ಗಟ್ಟಿ ಕಟ್ಟಿತ್ತು. ಮೂತ್ರದ ಚೀಲ, ಮಲದ ದಾರಿ ಎರಡನ್ನೂ ಪರೀಕ್ಷೆ ಮಾಡಿದರು. ತೂತು ಬಿದ್ದಿರಲಿಲ್ಲ. ರಕ್ತಕ್ಕೆ ಬೇರೇನಾದರೂ ಕೆಟ್ಟ ಕಾಯಿಲೆ ಕಾರಣವೋ ಎಂದು ತಿಳಿಯಲು ಚೂರು ಮಾದರಿಯನ್ನೂ ತೆಗೆದು ಕಳಿಸಿದರು. ಹತ್ತು ದಿನದ ಮೇಲೆ ಏನೂ ಇಲ್ಲ ಎಂದು ಉತ್ತರ ಬಂತು.

"ಒಳಗೆ ಹಚ್ಚೋ ಮುಲಾಮು ಕೊಡ್ತೀನಿ, ಮಾತ್ರೆ ಕೊಡ್ತೀನಿ," ಎಂದರು ಡಾಕ್ಟರು. "ಹುಣ್ಣು ಮಾಯೋ ತನಕ ರಿಂಗು ಬೇಡ. ಮಧ್ಯೆ ಒಂದೆರಡು ಸಲ ಕಲೆ ಕಾಣ್ಬಹುದು, ಗಾಬರಿ ಬೇಡ. ಜಾಸ್ತಿ ಹೋದ್ರೆ, ಜ್ವರ ಬಂದ್ರೆ, ಮೂತ್ರ ಕಟ್ಟಿದ್ರೆ ಕೂಡಲೇ ಬನ್ನಿ. ಭಾರ ಎತ್ತಬೇಡಿ. ಹೊತ್ತು ಸಿಕ್ಕಾಗ ಮಲಗಿ. ಮಾಯ್ದ ಮೇಲೆ ಅಳತೆ ನೋಡಿ ಹೊಸ ರಿಂಗು ಹಾಕೋಣ, ತೆಗೆದು ತೊಳೆದು ಹಾಕೋದು ಹೇಗೆ ಅಂತ ನಿಮ್ಗೇ ಕಲಿಸ್ತೀನಿ. ಇಲ್ಲ, ಆಪರೇಷನ್ನೇ ಮಾಡಿಸ್ಕೋತೀನಿ ಅಂದ್ರೆ ಅದೂ ಇದೆ. ಯೋಚನೆ ಮಾಡಿ ಹೇಳಿ."

"ಮದುವೇಲಿ ನಿಲ್ಲಬಹುದಾ ಡಾಕ್ಟರ್?" ಖಗಿಸರಾ ಕೇಳಿದ್ದು ಅದೊಂದೇ.

"ಯಾಕೆ ನಿಲ್ಲಬಾರದು? ನಿಂತು ಸಾಕಾದ್ರೆ ಕೂತ್ಕೊಳ್ಳಿ. ಹೆಣ್ಣಿನ ತಾಯಿ ನೀವು!"

ಅಂದಿನಿಂದ ಹುಲ್ಲಿನ ಬುಟ್ಟಿ ಲೀಲಾನಾಥನ ಬೆನ್ನಿಗೆ ಬಂತು. ಹಣೆಗೆ ಬುಟ್ಟಿಯ ಪಟ್ಟಿ ಕೊಟ್ಟು ಬೆಟ್ಟ ಇಳಿಯುವ ಪಂಡಿತರನ್ನು ನೋಡಿ ಹುಡುಗಿಯರು ಕಿಸಕ್ಕೆಂದರು. "ಏನ್ ಬಾಜೆ, ಹೆಂಡತಿ ನಿಮ್ಮನ್ನ ಕೆಲಸದಿಂದ ತೆಗೆದು ಹಾಕಿದ್ರಾ?" ಎಂದು ಅವನನ್ನು ಬಾಜೆ, ಅಂದರೆ ಅಜ್ಜ, ಎನ್ನುವ ಒಬ್ಬಳು ಕೇಳಿದಳು. "ಇಲ್ಲ ಮಗಾ, ಈಗ ತಾನೇ ಸೇರಿಸ್ಕೊಂಡಿದ್ದಾಳೆ, ಇನ್ನೂ ಕಲೀತಾ ಇದ್ದೀನಿ," ಎಂದ ಲೀಲಾನಾಥ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಖಗಿಸರಾಳಿಗೆ ಎಷ್ಟೋ ದಿನದ ಮೇಲೆ ನಿಜವಾದ ನಗು ಬಂತು.

ವಾಸನೆ ಹೋಯಿತು. ಹಳದಿ ನೀರು ನಿಂತಿತು. ಮದುವೆಯ ದಿನವೂ ಬಂತು.

ಆ ಬೆಳಿಗ್ಗೆ ಹೆಂಗಸರೆಲ್ಲ ಒಳಮನೆಯಲ್ಲಿ ಸೇರಿದ್ದರು. ತುಲಸಾ ತಾನೇ ಮುಂದಾಗಿ ಖಗಿಸರಾಳಿಗೆ ಸೀರೆ ಉಡಿಸುತ್ತಿದ್ದಳು. ಲಂಗದ ಮೇಲೆ ಕಾಸಗಲದ ಕಲೆ ಕಂಡು ಅವಳ ಕೈ ನಿಂತಿತು.

"ಇವತ್ತೂನಾ ಕಾಂಛಿ! ಸರಿ ಹೋಯ್ತು. ಆ ಗಿಂಡಿ ಇಲ್ಲಿ ಕೊಡು. ಬ್ರಾಹ್ಮಣರು ಕಾಯ್ತಿದ್ದಾರೆ, ನಾನು ಹೋಗ್ತೀನಿ."

ಹತ್ತೆಂಟು ಹೆಂಗಸರ ಕಣ್ಣು ಖಗಿಸರಾಳ ಮೇಲೆ. ಮೂಲೆಯಲ್ಲಿ ಕೆಂಪು ಸೀರೆ ಉಟ್ಟು ಕೂತಿದ್ದ ಕೋಪಿಲಾ ತಾಯಿಯ ಮುಖ ನೋಡಿದಳು. ಹಿಂದಿನ ಖಗಿಸರಾ ಆಗಿದ್ದರೆ ಗಿಂಡಿ ಕೊಟ್ಟು ಕೊಟ್ಟಿಗೆಯ ದಾರಿ ಹಿಡಿಯುತ್ತಿದ್ದಳು. ಇವತ್ತು ಪಕ್ಕದಲ್ಲಿದ್ದ ಗಿಂಡಿಯನ್ನು ಎತ್ತಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಇದು ಮುಟ್ಟಲ್ಲ ಜೇಠಿ ದಿದಿ," ಎಂದಳು ಹಿರಿ ಓರಗಿತ್ತಿಗೆ. "ಗಾಯ. ನನ್ನ ಗರ್ಭಕೋಶ ಜಾರಿದೆ, ಇಪ್ಪತ್ನಾಲ್ಕು ವರ್ಷ ಆಯ್ತು. ರಿಂಗು ಹಾಕಿಸ್ಕೊಂಡು ಏಳು ವರ್ಷ ಮರೆತಿದ್ದೆ. ಅದು ಒಳಗೆ ಹುಣ್ಣಾಗಿತ್ತು. ಈಗ ತೆಗೆಸಿದ್ದೀನಿ, ಮಾಯ್ತಾ ಇದೆ. ಕುಡುಗೋಲು ತಗುಲಿ ಕೈ ಕುಯ್ದುಕೊಂಡ್ರೆ ನೀವ್ಯಾರಾದ್ರೂ ನಾಲ್ಕು ದಿನ ಹೊರಗೆ ಕೂರ್ತೀರಾ? ನಾನೂ ಕೂರಲ್ಲ. ನನ್ನ ಮಗಳಿಗೆ ನಾನೇ ಧಾರೆ ಎರೀತೀನಿ."

ಹೊರಗಿನಿಂದ ಲೀಲಾನಾಥ ಕೂಗಿದ: "ಕೋಪಿಲಾನ ಆಮಾ, ಎಲ್ಲಿದ್ದೀಯಾ? ಮುಹೂರ್ತ ಮೀರ್ತಿದೆ, ಬಾ!"

ಖಗಿಸರಾ ಸೀರೆ ಉಟ್ಟು ಮುಗಿಸಿ ನಡೆದಳು. ಮಂಟಪದಲ್ಲಿ ಗಂಡನ ಪಕ್ಕ ನಿಂತಳು. ಮಗಳ ಕೈಯ ಮೇಲೆ ನೀರು ಬಿಟ್ಟಾಗ ಅವಳ ಕಣ್ಣೀರೂ ಅದರ ಜೊತೆಗೇ ಬಿತ್ತು. ಕೈ ಮಾತ್ರ ಅಲುಗಲಿಲ್ಲ.

ದಿಬ್ಬಣ ಮಗಳನ್ನು ಕರೆದುಕೊಂಡು ಬೆಟ್ಟ ಇಳಿದ ಮೇಲೆ ಅಂಗಳ ಬಿಕೋ ಎನ್ನುತ್ತಿತ್ತು. ಖಗಿಸರಾ ಜಗಲಿಯಲ್ಲಿ ಅಡ್ಡಾಗಿದ್ದಳು. ತುಲಸಾ ಬಂದು ಪಕ್ಕದಲ್ಲಿ ಕೂತಳು. ಕೈಬಳೆ ತಿರುಗಿಸುತ್ತ ಕೇಳಿದಳು.

"ಕಾಂಛಿ, ನನ್ನ ಮೇಲೆ ಸಿಟ್ಟಾ?"

"ಸಿಟ್ಟು ಬರ್ದೇ ಇರತ್ತಾ? ಊರೆದುರು ಆಡ್ಕೊಂಡ್ರಲ್ಲ ನನ್ನನ್ನ."

"ನಿನ್ನ ಆಡ್ಕೊಂಡ್ರೆ ನನ್ನ ಕಡೆ ಯಾರೂ ನೋಡಲ್ವಲ್ಲ, ಅದಕ್ಕೇ." ತುಲಸಾ ಸುತ್ತ ನೋಡಿ ದನಿ ತಗ್ಗಿಸಿದಳು. "ಅದೇ ಶಾಲೇಲಿ, ನೀನು ಹೋದ ಮಾರನೇ ದಿನ, ನಾನೂ ಹಾಕಿಸ್ಕೊಂಡೆ. ಇವತ್ತಿಗೂ ತೆಗೆಸಿಲ್ಲ. ದಸರೆಯಿಂದ ಮೂತ್ರ ನಿಲ್ತಾ ಇಲ್ಲ ಕಣೇ. ತಾನಾಗೇ ಸುರೀತಾ ಇರತ್ತೆ. ಬಟ್ಟೆ ಮಡಿಸಿ ಮಡಿಸಿ ಇಟ್ಕೋತೀನಿ. ನೀರು ಕುಡಿಯೋದೇ ಬಿಟ್ಟಿದ್ದೀನಿ. ನೀನು ಇವತ್ತು ಬಾಯಿ ಬಿಟ್ಟು ಹೇಳ್ದೆ ಹೋಗಿದ್ರೆ ನಾನು ಹೀಗೇ ಸಾಯ್ತಿದ್ದೆ."

ಖಗಿಸರಾ ಎದ್ದು ಕೂತಳು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಓರಗಿತ್ತಿಯ ಕೈ ಹಿಡಿದುಕೊಂಡಳು.

"ನಾಳೆ ಬೆಳಿಗ್ಗೆ ಮೊದಲ ಜೀಪಿಗೆ ಹೊರಡೋಣ ದಿದಿ. ನಾನೇ ಕರ್ಕೊಂಡು ಹೋಗ್ತೀನಿ."

ತುಲಸಾಳಿಗೆ ಮೂತ್ರದ ಚೀಲದಲ್ಲಿ ತೂತಾಗಿತ್ತು. ದೊಡ್ಡ ಆಸ್ಪತ್ರೆಗೆ ಹೋಗಬೇಕಾಯಿತು, ರಿಂಗು ತೆಗೆಸಿ, ಮೂರು ತಿಂಗಳು ಬಿಟ್ಟು ತೂತು ಹೊಲಿಸಬೇಕಾಯಿತು. ಈಗ ಅವಳ ಬಟ್ಟೆ ಒಣಗಿದೆ, ನೀರು ಲೋಟಗಟ್ಟಲೆ ಕುಡಿಯುತ್ತಾಳೆ, ಬಾಯಿ ಮೊದಲಿಗಿಂತ ಜೋರಾಗಿದೆ. ಖಗಿಸರಾ ಹೊಸ ರಿಂಗು ಹಾಕಿಸಿಕೊಂಡು, ತಾನೇ ತೆಗೆದು ತೊಳೆದು ಹಾಕುವುದು ಕಲಿತಿದ್ದಾಳೆ. ಆದರೂ ಡಾಕ್ಟರು ಹೇಳಿದ ತಿಂಗಳಿಗೆ ಸರಿಯಾಗಿ ಹೋಗಿ ತೋರಿಸಿಕೊಂಡು ಬರುತ್ತಾಳೆ. ಶಾಲೆಯ ಆ ಶಿಬಿರದಲ್ಲಿ ರಿಂಗು ಹಾಕಿಸಿಕೊಂಡವರನ್ನೆಲ್ಲ ಹೋಮಕಲಾ ಮನೆಮನೆಗೆ ಹೋಗಿ ಹುಡುಕಿದಳು. ಈ ಸಲ ಅವಳ ಜೊತೆ ತುಲಸಾಳೂ ಬೆಟ್ಟ ಹತ್ತಿದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ, ಅಮ್ಮ, ಅಜ್ಜಿಯರೇ, ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸಿ. ಗರ್ಭಕೋಶ ಜಾರಿತು ಎಂದು ನೀವೂ ರಿಂಗು ಹಾಕಿಸಿಕೊಂಡಿದ್ದೀರಾ? ಕೊನೆಯ ಸಲ ಅದನ್ನು ತೆಗೆದು ನೋಡಿದ್ದು ಯಾವ ತಿಂಗಳು? ನೆನಪಿಗೆ ಬರಲಿಲ್ಲವಾದರೆ ನೋವಿಲ್ಲದಿದ್ದರೂ ಈ ವಾರವೇ ಹೋಗಿ ತೋರಿಸಿ. ವಾಸನೆಯ ನೀರು ಹೋಗುತ್ತಿದ್ದರೆ, ರಕ್ತದ ಕಲೆ ಕಂಡರೆ, ಮೂತ್ರಕ್ಕೋ ಮಲಕ್ಕೋ ತೊಂದರೆಯಾದರೆ ನಾಳೆಗೆ ಇಡಬೇಡಿ. ಅಂಟಿಕೊಂಡ ರಿಂಗನ್ನು ಮನೆಯಲ್ಲಿ ಎಳೆಯಬೇಡಿ. ಯಾರೋ ಹೆದರಿಸಿದರು ಎಂದು ರಿಂಗೇ ಬೇಡ ಎನ್ನಲೂಬೇಡಿ, ನೋಡಿಕೊಂಡರೆ ಅದು ನಿಮ್ಮನ್ನು ನೋಡಿಕೊಳ್ಳುತ್ತದೆ. ಖಗಿಸರಾಳ ಊರಿನಲ್ಲಿ ಹೋಮಕಲಾ ಇದ್ದಳು, ನಿಮ್ಮ ಊರಿನಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. ಅವಳನ್ನು ಕರೆದು ಕಿವಿಯಲ್ಲಾದರೂ ಹೇಳಿ. ಗಂಡಸರೂ ಕೇಳಿಸಿಕೊಳ್ಳಿ, ಬುಟ್ಟಿ ಹೊರುವುದು ಅಷ್ಟೇನೂ ಕಷ್ಟವಲ್ಲ.

ನೀವು ಬಾಯಿ ಬಿಟ್ಟು ಹೇಳುವುದನ್ನು ನಿಮ್ಮ ಪಕ್ಕದಲ್ಲೇ ಕೂತಿರುವ ಯಾವಳೋ ಒಬ್ಬಳು ಕಾಯುತ್ತಿರಬಹುದು. ಇವತ್ತೇ ಹೇಳಿ.